ಕೂದಲೂ ಹೋಗದ ಸಂದು

ಒಂದು ಮೈಲಿ ರೈಲುಹಾದಿಗೆ ಎಷ್ಟು ಖರ್ಚು ಎಂಬುದು ವಾಲ್ಟರ್ ಕಿನ್‌ಲಾಕ್‌ಗೆ ಬಾಯಿಪಾಠ. ಇಪ್ಪತ್ತನಾಲ್ಕು ಅಡಿಯ ಕಬ್ಬಿಣದ ಹಳಿ ನಾನೂರ ನಲವತ್ತು. ಹಡಗಿನಿಂದ ಕೋಬೆ ಬಂದರಿನಲ್ಲಿ ಇಳಿಸುವಷ್ಟರಲ್ಲಿ ಒಂದೊಂದಕ್ಕೆ ಎಂಟು ಯೆನ್. ಹಳಿಯ ಕೆಳಗೆ ಹಾಸುವ ಮರದ ಸ್ಲೀಪರು ಎರಡು ಸಾವಿರ. ದೋಣಿಯಲ್ಲಿ ಸರೋವರ ದಾಟಿಸಿ ತಂದರೆ ಒಂದಕ್ಕೆ ಮೂವತ್ತು ಸೆನ್; ನೂರು ಸೆನ್‌ಗೆ ಒಂದು ಯೆನ್. ಹಳಿ ಎತ್ತುವ ಆಳಿಗೆ ದಿನಕ್ಕೆ ಇಪ್ಪತ್ತೈದು ಸೆನ್, ಮೇಸ್ತ್ರಿಗೆ ಅರ್ಧ ಯೆನ್. ಇದೆಲ್ಲ ಸರಿಯಾಗಿದೆ ಎಂದು ಕೊನೆಯಲ್ಲಿ ಸಹಿ ಹಾಕಲು ಸ್ಕಾಟ್ಲೆಂಡಿನಿಂದ ಬಂದ ಒಬ್ಬ ಎಂಜಿನಿಯರ್: ತಿಂಗಳಿಗೆ ನಾನೂರೈವತ್ತು ಯೆನ್, ಇರಲು ಮನೆ, ಚಳಿಗಾಲಕ್ಕೆ ಕಲ್ಲಿದ್ದಲು. ಒಂದು ಹಳಿಗೂ ಮುಂದಿನ ಹಳಿಗೂ ನಡುವೆ ಬಿಡುವ ಸಂದಿಗೆ ಮಾತ್ರ ಬಿಡಿಗಾಸು ಖರ್ಚಿಲ್ಲ. ಅದು ಬರೀ ಗಾಳಿ. ಬಿಸಿಲಿಗೆ ಕಬ್ಬಿಣ ಹಿಗ್ಗಿದಾಗ ಹೋಗಿ ನಿಲ್ಲಲು ಒಂದಿಷ್ಟು ಜಾಗ. ಹೊಸ ಲೈನಿನಲ್ಲಿ, ಸರೋವರದ ದಂಡೆಯ ಹತಾನೆ ತಿರುವಿನ ಮೂರು ಮೈಲಿಯಲ್ಲಿ, ಆ ಜಾಗ ಇರಲಿಲ್ಲ. ಇಲ್ಲವೆಂದು ಅವನಿಗೆ ಫೆಬ್ರವರಿಯಿಂದ ಗೊತ್ತಿತ್ತು. ಈಗ ಜುಲೈ ತಿಂಗಳ ಕೊನೆ.

ಬೆಳಗಿನ ಆರು ಗಂಟೆಗೇ ಜಗುಲಿಯ ಕಂಬಕ್ಕೆ ಕಟ್ಟಿದ್ದ ಉಷ್ಣಮಾಪಕ ಎಂಬತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಅವನು ಗಂಜಿಯ ಬಟ್ಟಲು ಹಿಡಿದು ಅದರ ಮುಂದೆ ನಿಂತಿದ್ದ. ಗಂಜಿಯನ್ನು ಉಪ್ಪು ಹಾಕಿ ನಿಂತೇ ಕುಡಿಯುವುದು ಸ್ಕಾಟ್ಲೆಂಡಿನ ಆರ್ಬ್ರೋತ್‌ನಲ್ಲಿ ಅವನ ಅಪ್ಪನ ಮನೆಯ ಅಭ್ಯಾಸ. ಹತ್ತೊಂಬತ್ತು ವರ್ಷ ಜಪಾನಿನಲ್ಲಿದ್ದರೂ, ಓಟ್ಸ್ ಸಿಗದೆ ಬಾರ್ಲಿಯ ಗಂಜಿಯಾದರೂ, ನಿಲ್ಲುವುದು ಬಿಟ್ಟಿರಲಿಲ್ಲ. ಒಳಗಿನಿಂದ ಶಿಗೆಯ ಮಗ್ಗದ ಸದ್ದು ನಿಂತಿತು. ಹನ್ನೊಂದು ವರ್ಷದಿಂದ ಅವನ ಜೊತೆ ಇರುವವಳು. ಮದುವೆಯೆಂದು ಯಾವ ಕಚೇರಿಯಲ್ಲೂ ಬರೆಸಿಲ್ಲ. ಊರಿನವರು ಬರೆದೇ ಇದೆ ಎಂಬಂತೆ ನಡೆದುಕೊಳ್ಳುತ್ತಾರೆ.

"ಮೂರನೇ ಸಲ ನೋಡ್ತಿದ್ದೀರಿ ಆ ಗಾಜಿನ ಕಡ್ಡೀನ," ಎಂದಳು. "ನೋಡಿದ್ರೆ ಇಳಿಯತ್ತಾ?"

"ಎಷ್ಟು ಏರತ್ತೆ ಅಂತ ನೋಡ್ತಿದೀನಿ."

"ಸೆಕೆಗಾಲದಲ್ಲಿ ಸೆಕೆ ಆಗತ್ತೆ ಕಣ್ರೀ. ಅದಕ್ಕೆ ಎಂಜಿನಿಯರ್ ಬೇಕಾ? ಇವತ್ತಾದ್ರೂ ನೆಟ್ಟಗೆ ಮಾತಾಡಿ. ಗವರ್ನರ್ ಬರ್ತಾರಂತೆ. ನಿಮ್ಮ ಬಾಯಲ್ಲಿ ಬರೋದು ಜಲ್ಲಿ ಹೊರೋರ ಮಾತು. ಹೋದ್ಸಲ ನೀವು ಯಾರೋ ಅಧಿಕಾರಿ ಹೆಂಡ್ತಿಗೆ 'ಏಯ್, ಆ ಕಡೆ ಸರಿ' ಅಂದಿದ್ರಂತೆ."

"ಕ್ರೇನು ಬರ್ತಿತ್ತು."

"ಬಂದ್ರೂನೂ."

ಅವನು ನಗಲು ನೋಡಿದ. ಮಧ್ಯಾಹ್ನ ಮೂರಕ್ಕೆ ಹೊಸ ಲೈನಿನ ಮೊದಲ ರೈಲು. ಬಿಸಿಲಿಗೆ ಹಳಿ ಅತಿ ಹೆಚ್ಚು ಕಾಯುವುದೂ ಆ ಹೊತ್ತಿಗೇ. ಗವರ್ನರರ ಊಟ, ಭಾಷಣ ಎಲ್ಲ ಮುಗಿಯಲು ಅಷ್ಟು ಹೊತ್ತಾಗುತ್ತದೆಂದು ಯಾರೋ ಗೊತ್ತುಮಾಡಿದ್ದರು. ಆ ಕಾಗದಕ್ಕೂ ಅವನೇ ಸಹಿ ಹಾಕಿದ್ದ. ಒಂದು ಸಹಿ ಹಾಕಿದ ಮೇಲೆ ಉಳಿದವು ತಾವಾಗಿಯೇ ಬರುತ್ತವೆ. ನಾಡಿದ್ದು ಅವನ ಒಪ್ಪಂದವನ್ನು ಇನ್ನು ಮೂರು ವರ್ಷ ಮುಂದುವರಿಸುವ ಕಾಗದ ಮೇಲಿನವರ ಕೈಗೆ ಹೋಗಬೇಕು. ಕಚೇರಿಯಲ್ಲಿ ಮೊದಲು ಮೂವತ್ತು ಜನ ಬಿಳಿಯರಿದ್ದರು, ಈಗ ನಾಲ್ಕು. ಕೆಲಸವಿಲ್ಲದ ಪರದೇಶದವನು ಕೋಬೆಯ ಬಿಳಿಯರ ಕೇರಿ ಬಿಟ್ಟು ಒಳನಾಡಿನಲ್ಲಿ ಒಂದು ದಿನವೂ ವಾಸ ಮಾಡುವಂತಿಲ್ಲ. ಅದು ಇಲ್ಲಿಯ ಕಾನೂನು. ಶಿಗೆಗೆ ಪಕ್ಕದ ಓಣಿಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಾಳೆ. ಕೋಬೆಗೆ ಹೋಗಬೇಕಾಗಿ ಬಂದರೆ ಶಿಗೆ ಬರುವುದಿಲ್ಲ ಎಂದು ಅವನು ಕೇಳಿ ತಿಳಿದಿರಲಿಲ್ಲ. ಕೇಳಿದರೆ ತಿಳಿದುಬಿಡುತ್ತದೆ ಎಂದೇ ಕೇಳಿರಲಿಲ್ಲ. ಬಟ್ಟಲನ್ನು ಕೆಳಗಿಟ್ಟು, ಅಂಗಿಯ ಜೇಬಿನಲ್ಲಿದ್ದ ಕಬ್ಬಿಣದ ತುಣುಕನ್ನು ಮುಟ್ಟಿ ನೋಡಿಕೊಂಡ. ಹಳಿ ಜೋಡಿಸುವಾಗ ಸಂದಿನ ಅಳತೆಗೆಂದು ನಡುವೆ ಇಟ್ಟು ಆಮೇಲೆ ತೆಗೆಯುವ ತುಣುಕು, ಕಾಲು ಅಂಗುಲ ದಪ್ಪ. ಫೆಬ್ರವರಿಯಿಂದ ಅದು ಅವನ ಜೇಬಿನಲ್ಲೇ ಇತ್ತು.

ಅವತ್ತು ಹಿಮ ಮೊಣಕಾಲಿನವರೆಗೆ. ಮೂರು ಮೈಲಿಯನ್ನೂ ನಡೆದು, ಪ್ರತಿ ಜೋಡಣೆಯನ್ನೂ ನೋಡಿ, 'ನಡೆದು ನೋಡಿದೆ, ಸರಿಯಿದೆ' ಎಂದು ಬರೆಯಬೇಕಿತ್ತು. ಮೇಸ್ತ್ರಿ ಇವಾಕಿಚಿ ದಾರಿಯಲ್ಲೇ ಕಾದಿದ್ದ. ಅರವತ್ತು ದಾಟಿದವನು. ನಲವತ್ತು ವರ್ಷ ದೇವಸ್ಥಾನಗಳ ಮರಗೆಲಸ ಮಾಡಿ, ದೇವಸ್ಥಾನ ಕಟ್ಟಿಸುವವರು ಇಲ್ಲದಾದ ಮೇಲೆ ರೈಲಿಗೆ ಬಂದವನು. ಅವನ ಹಿಂದೆ ಇಪ್ಪತ್ತನಾಲ್ಕು ಆಳುಗಳು ಹಿಮದಲ್ಲಿ ಸಾಲಾಗಿ ನಿಂತಿದ್ದರು, ಮದುವೆಮನೆಯವರ ಹಾಗೆ. ಇವಾಕಿಚಿ ಮಂಡಿಯೂರಿ ಒಂದು ಜೋಡಣೆಯ ಮೇಲಿನ ಹಿಮ ಸವರಿದ. ತನ್ನ ತಲೆಯಿಂದ ಒಂದು ಬಿಳಿ ಕೂದಲು ಕಿತ್ತು, ಎರಡು ಹಳಿ ಕೂಡುವ ಕಡೆ ಇಟ್ಟು, ಒಳಗೆ ತೂರಿಸಲು ನೋಡಿದ. ಅದು ಹೋಗಲಿಲ್ಲ. "ತುಣುಕು ತೆಗೆದ್ಮೇಲೆ ಸಂದು ಹಂಗೇ ಉಳ್ಕೊಂಡಿತ್ತು ಸಾಹೇಬ್ರೆ," ಎಂದ. "ಬಾಯಿ ಬಿಟ್ಕೊಂಡು ಬಿದ್ದಂಗೆ. ನಮ್ಮೋರಿಗೆ ನಾಚಿಕೆ ಆಯ್ತು. ಹನ್ನೆರಡು ದಿವ್ಸ, ಕೂಲಿ ಕೇಳ್ದೆ, ಒಂದೊಂದೇ ತಳ್ಳಿ ಕೂರಿಸಿದ್ವಿ. ಮೂರು ಮೈಲೀನೂ." ಕಿನ್‌ಲಾಕ್ ಬಗ್ಗಿ ಹೆಬ್ಬೆರಳು ಆಡಿಸಿದ. ಹದಿನಾರನೇ ವಯಸ್ಸಿನಿಂದ ಅವನು ನೋಡಿದ್ದೆಲ್ಲ ಏರುಪೇರಾದ, ಸೊಟ್ಟಗಾದ, ಹೇಗೋ ಬೋಲ್ಟು ಬಿಗಿದು ಮುಗಿಸಿದ ಜೋಡಣೆಗಳೇ. ಇದು ಎಲ್ಲಿ ಕೂಡಿದೆಯೆಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಅವನ ಬಾಯಿಂದ ಮಾತು ಹೊರಬಂತು: "ಚೆನ್ನಾಗಿದೆ. ಇಷ್ಟು ಚೆನ್ನಾಗಿ ಮಾಡಿದ್ದು ನಾನು ಎಲ್ಲೂ ನೋಡಿಲ್ಲ." ಇಪ್ಪತ್ತನಾಲ್ಕು ತಲೆಗಳು ಒಟ್ಟಿಗೆ ಬಗ್ಗಿದವು. ಮುದುಕನ ಕಣ್ಣು ಒದ್ದೆಯಾಗಿತ್ತು. ಆ ಮಾತು ಮುಗಿಯುವ ಮೊದಲೇ ಕಿನ್‌ಲಾಕ್‌ಗೆ ತಪ್ಪು ಹೊಳೆದಿತ್ತು. ಚಳಿಯಲ್ಲಿ ಕಬ್ಬಿಣ ಕುಗ್ಗಿರುತ್ತದೆ. ಕುಗ್ಗಿದಾಗಲೇ ಕೂದಲು ಹೋಗದಿದ್ದರೆ, ಹಿಗ್ಗಿದಾಗ? ಹೇಳಬೇಕಿತ್ತು. ಬಗ್ಗಿದ ತಲೆಗಳು ಮೇಲೇಳಲಿ, ಆಮೇಲೆ ಎಂದುಕೊಂಡ. ಅಕ್ಕಿಯ ಹೆಂಡ ಸಾಕೆಯನ್ನು ಬಿಸಿ ಮಾಡಿ ಕೊಟ್ಟರು. ಕುಡಿದ ಮೇಲೆ ಹೇಳೋಣ ಎಂದುಕೊಂಡ. ಮೊಣಕಾಲು ನೋಯುತ್ತಿತ್ತು. ಉಳಿದದ್ದನ್ನು ನಡೆಯದೆ ತಿರುಗಿ ಬಂದ. ನಾಳೆ ಎಂದುಕೊಂಡ. ಐದನೇ ದಿನ ಕಾಗದ ಮೇಜಿನ ಮೇಲೆ ಬಂತು, ಅವನು ಲೇಖನಿ ಅದ್ದಿದ.

ಏಳು ಗಂಟೆಗೆ ನಿಲ್ದಾಣದ ಹತ್ತಿರ ತಳ್ಳುವ ಟ್ರಾಲಿ ಸಿದ್ಧವಾಗಿತ್ತು. ಕಿರಿಯ ಎಂಜಿನಿಯರ್ ನೊನಾಕಾ ಕರಿ ಕೋಟು ಹಾಕಿಕೊಂಡು ಬೆವರದೆ ನಿಂತಿದ್ದ. ಮೂವತ್ತೊಂದು ವರ್ಷ, ಗ್ಲಾಸ್ಗೋದಲ್ಲಿ ನಾಲ್ಕು ವರ್ಷ ಓದಿ ಬಂದವನು, ಮುಂದೊಂದು ದಿನ ಕಿನ್‌ಲಾಕ್‌ನ ಕುರ್ಚಿಯಲ್ಲಿ ಕೂರುವವನು. ಇಬ್ಬರಿಗೂ ಅದು ಗೊತ್ತಿದ್ದರಿಂದ ಇಬ್ಬರೂ ಅತಿಯಾದ ಮರ್ಯಾದೆಯಿಂದ ಮಾತನಾಡುತ್ತಿದ್ದರು. ಟ್ರಾಲಿ ಹೊರಟಿತು. ಎರಡು ಕಡೆ ಹಸಿರು ಗದ್ದೆ, ಆಚೆ ಬೆಳ್ಳಗೆ ಉರಿಯುವ ಸರೋವರ. ಪ್ರತಿ ಇಪ್ಪತ್ತನಾಲ್ಕು ಅಡಿಗೆ ಚಕ್ರ ಸಂದು ದಾಟುವ ಸದ್ದು, ಟಕ್-ಟಕ್, ಟಕ್-ಟಕ್. ಅದು ಕೇಳುತ್ತಿರುವವರೆಗೂ ಕಿನ್‌ಲಾಕ್‌ನ ಉಸಿರು ಸರಾಗವಾಗಿ ಆಡುತ್ತಿತ್ತು.

"ಒಂದು ಮಾತು ಕೇಳಬಹುದಾ ಸಾರ್?" ಎಂದ ನೊನಾಕಾ.

"ಕೇಳಿ."

"ಗವರ್ನರ್ ಗಾಡಿಯಲ್ಲಿ ನಿಮ್ಮ ಕುರ್ಚಿ ಎಡಗಡೆಗಾ ಬಲಗಡೆಗಾ ಅಂತ ನಿಲ್ದಾಣದವರು ಕೇಳ್ತಿದಾರೆ."

ಕೇಳಬೇಕೆಂದಿದ್ದ ಮಾತು ಇದಲ್ಲ ಎಂದು ಕಿನ್‌ಲಾಕ್‌ಗೆ ಅನ್ನಿಸಿತು. "ಯಾವ ಕಡೆಯಾದ್ರೂ ಆಗತ್ತೆ," ಎಂದ. ಬೆವರು ಕಣ್ಣಿಗಿಳಿಯಿತು. ಅಪ್ಪನ ಅಂಗೈ ನೆನಪಾಯಿತು, ದೊಡ್ಡದು, ಒರಟು. ಅದರಲ್ಲಿ ಸೀಸದ ಪುಟ್ಟ ಬಿಲ್ಲೆ. ವರ್ಷಕ್ಕೆರಡು ಸಲ, ಪ್ರಭುವಿನ ಭೋಜನದ ಹಿಂದಿನ ಶನಿವಾರ, ಇಗರ್ಜಿಯ ಹಿರಿಯನಾಗಿದ್ದ ಅಪ್ಪ ಸಾಲಿನಲ್ಲಿ ಬಂದವರ ಮುಖ ನೋಡಿ ಬಿಲ್ಲೆ ಕೊಡುತ್ತಿದ್ದ. ಮನಸ್ಸು ಶುದ್ಧವಿಲ್ಲದವರಿಗೆ ಇಲ್ಲ. ಬಿಲ್ಲೆ ಇಲ್ಲದವನಿಗೆ ಮರುದಿನ ರೊಟ್ಟಿಯಿಲ್ಲ, ದ್ರಾಕ್ಷಾರಸವಿಲ್ಲ, ಊರೆಲ್ಲ ನೋಡುವ ಹಾಗೆ ಹಿಂದಿನ ಬೆಂಚು. ಅಂಥ ಒಂದು ವಾರ ಕಾರ್ಖಾನೆಯಲ್ಲಿ ಹಲ್ಲುಚಕ್ರ ಒಡೆದವನು ವಾಲ್ಟರ್, ಕೆಲಸ ಕಳೆದುಕೊಂಡವನು ಡಾಡ್ ಪೆಟ್ರಿ. ಡಾಡ್ ಪಕ್ಕದಲ್ಲಿ ನಿಂತಿದ್ದನಷ್ಟೆ. ಯಾರೋ ಅವನತ್ತ ಬೆರಳು ತೋರಿಸಿದರು, ವಾಲ್ಟರ್ ಸುಮ್ಮನಿದ್ದ. ಶನಿವಾರ ಅಪ್ಪ ಮುಖ ನೋಡಿದ, ಬಹಳ ಹೊತ್ತು ನೋಡಿದ, ಬಿಲ್ಲೆ ಕೊಟ್ಟ. ಅಪ್ಪನಿಗೂ ಗೊತ್ತಾಗಲಿಲ್ಲವೆಂಬ ಹೆದರಿಕೆಯೇ ಅವನಿಗೆ ಇವತ್ತಿಗೂ ದೊಡ್ಡದು. ಗೊತ್ತಾಗಿದ್ದರೆ ಒಂದು ಹೊಡೆತದಲ್ಲಿ ಮುಗಿಯುತ್ತಿತ್ತು.

ಸದ್ದು ನಿಂತಿತು.

ಟ್ರಾಲಿ ನಿಂತಿರಲಿಲ್ಲ; ಓಡುತ್ತಲೇ ಇತ್ತು. ಚಕ್ರದ ಅಡಿಯಲ್ಲಿ ಟಕ್-ಟಕ್ ಇರಲಿಲ್ಲ, ಎಣ್ಣೆಯ ಮೇಲೆ ಜಾರಿದ ಹಾಗೆ ಒಂದೇ ಸಮನೆ ನುಣುಪಾದ ಮೌನ. ಗದ್ದೆಯ ಕಪ್ಪೆಗಳ ಕೂಗು ಇದ್ದಕ್ಕಿದ್ದಂತೆ ಹತ್ತಿರವಾಯಿತು. ಹತಾನೆಯ ಮೂರು ಮೈಲಿ ಶುರುವಾಗಿತ್ತು. ಟ್ರಾಲಿ ತಳ್ಳುವವರಲ್ಲಿ ಒಬ್ಬ, "ಇವಾಕಿಚಿ ಮೇಸ್ತ್ರಿ ಕೆಲ್ಸ ನೋಡು, ಹೊಟ್ಟೇಲಿರೋ ಕೂಸೂ ಏಳಲ್ಲ," ಎಂದ. ಇನ್ನೊಬ್ಬ ನಕ್ಕ. ನೊನಾಕಾ ನಗಲಿಲ್ಲ. ಅವನು ಕಿನ್‌ಲಾಕ್‌ನನ್ನು ನೋಡುತ್ತಿರಲಿಲ್ಲ. ಬಹಳ ಎಚ್ಚರದಿಂದ ನೋಡದೆ ಇದ್ದ. ಆಗ ಕಿನ್‌ಲಾಕ್‌ಗೆ ತಿಳಿಯಿತು.

"ನಿಲ್ಸಿ," ಎಂದ. ಇಳಿದು, ಆಳುಗಳಿಗೆ ಕೇಳಿಸದಷ್ಟು ದೂರ ನಡೆದ. "ನಿಮಗೆ ಯಾವಾಗಿನಿಂದ ಗೊತ್ತು?"

"ಮೇ ತಿಂಗಳಿಂದ ಸಾರ್."

"ಯಾಕೆ ಹೇಳಲಿಲ್ಲ?"

ನೊನಾಕಾ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ನೀವು ಸಹಿ ಹಾಕಿದ್ರಿ. ನಿಮಗೆ ಗೊತ್ತಿದ್ದೇ ಹಾಕಿರ್ತೀರಿ, ಏನೋ ಕಾರಣ ಇರತ್ತೆ ಅಂದ್ಕೊಂಡೆ. ಗೊತ್ತಿಲ್ದೆ ಹಾಕಿದೀರಿ ಅಂದ್ಕೊಳ್ಳೋದು ನನಗೆ... ಹಿರಿಯರ ಬಗ್ಗೆ ಹಾಗೆ ಅಂದ್ಕೊಳ್ಳೋದು ಆಗಲಿಲ್ಲ."

"ಮೂರು ತಿಂಗಳು ಕಾದ್ರಿ."

"ನೀವು ಆರು ತಿಂಗಳು ಕಾದ್ರಿ," ಎಂದ ನೊನಾಕಾ ಮೆಲ್ಲಗೆ, ಕೂಡಲೇ ತಲೆ ಬಗ್ಗಿಸಿ ಕ್ಷಮೆ ಕೇಳಿದ.

ಕಿನ್‌ಲಾಕ್ ಉಷ್ಣಮಾಪಕವನ್ನು ಹಳಿಯ ನೆರಳಿನ ಬದಿಗೆ ಒತ್ತಿ ಹಿಡಿದ. ಇನ್ನೂ ಒಂಬತ್ತು ಗಂಟೆ, ನೂರಾ ನಾಲ್ಕು. ಮೂರಕ್ಕೆ ನೂರಿಪ್ಪತ್ತು ದಾಟುತ್ತದೆ. ಒಂದು ಹಳಿ ಹಿಗ್ಗುವುದು ಅಂಗುಲದ ಆರನೇ ಒಂದು ಪಾಲು, ಏನೂ ಅಲ್ಲ. ಮೂರು ಮೈಲಿಗೆ ಒಂದು ಸಾಲಿನಲ್ಲಿ ಆರುನೂರ ಅರವತ್ತು ಹಳಿ. ಒಟ್ಟು ಒಂಬತ್ತು ಅಡಿ ಕಬ್ಬಿಣ, ಎಲ್ಲಿಗೂ ಹೋಗಲಾಗದೆ, ಒಂದರ ಎದೆಗೆ ಇನ್ನೊಂದು ತಲೆ ಒತ್ತಿ ನಿಂತಿದೆ. ಅದು ಹೊರಗೆ ಬರುವುದು ತಿರುವಿನಲ್ಲಿ. ಎಲ್ಲೋ ಒಂದು ಕಡೆ ಇಡೀ ಹಾದಿ ಬದಿಗೆ ಜಿಗಿಯುತ್ತದೆ; ಅದಕ್ಕೆ ಒಂದು ಎಂಜಿನ್ನಿನ ನಡುಕ ಸಾಕು. ತಿರುವಿನ ಕೆಳಗೆ ಹದಿನೆಂಟು ಅಡಿ ಎತ್ತರದ ಮಣ್ಣಿನ ಏರಿ, ಆಮೇಲೆ ಸರೋವರ. ಅವನು ಮಂಡಿಯೂರಿ ಹಳಿಯುದ್ದಕ್ಕೂ ಕಣ್ಣಿಟ್ಟ. ತಿರುವಿನ ನಡುವೆ ಒಂದು ಕಡೆ ಗೆರೆ ಆಗಲೇ ಎರಡು ಬೆರಳಿನಷ್ಟು ಹೊರಕ್ಕೆ ಉಬ್ಬಿತ್ತು.

"ಸಾರ್," ನೊನಾಕಾ ಹಿಂದೆ ನಿಂತು ಹೇಳಿದ, ಮೊದಲೇ ಬರೆದಿಟ್ಟು ಓದಿದ ಹಾಗೆ. "ರೈಲು ತಡೆದು ತಿರುವಿನಲ್ಲಿ ಹಳಿ ಕತ್ತರಿಸಿದ್ರೆ ಸಂಜೆ ಹೊತ್ತಿಗೆ ಆಗತ್ತೆ. ವರದಿ ಬರೀಬೇಕಾಗತ್ತೆ. ಸಹಿ ಆದ್ಮೇಲೆ ಮೇಸ್ತ್ರಿ ತನ್ನಷ್ಟಕ್ಕೆ ತಾನೇ ಸಂದು ಮುಚ್ಚಿಬಿಟ್ಟ ಅಂತ ಬರೆದ್ರೆ, ಅದು ಅರ್ಧ ನಿಜ. ಅವನೇ ಮುಚ್ಚಿದ್ದು. ಅವನು ಅಕ್ಷರ ಬಲ್ಲವನಲ್ಲ, ನಿಯಮ ಓದಿಲ್ಲ, ಯಾರೂ ದೊಡ್ಡ ಶಿಕ್ಷೆ ಕೊಡಲ್ಲ. ಕೆಲಸ ಹೋಗತ್ತೆ, ಅಷ್ಟೆ. ನಾಡಿದ್ದು ನಿಮ್ಮ ಕಾಗದ ಇದೆ."

ಇದು ಕೆಟ್ಟತನದಿಂದ ಬಂದ ಮಾತಲ್ಲ. ಕಿರಿಯನೊಬ್ಬ ಹಿರಿಯನಿಗೆ ಕೈ ಕೊಡುತ್ತಿದ್ದ. ಪಕ್ಕದಲ್ಲಿ ನಿಂತಿದ್ದನಷ್ಟೆ ಡಾಡ್ ಪೆಟ್ರಿ. ಆಮೇಲೆ ತಿಮಿಂಗಿಲ ಹಿಡಿಯುವ ಹಡಗು ಸೇರಿದ, ತಿರುಗಿ ಬರಲಿಲ್ಲ ಎಂದು ಅಮ್ಮ ಕಾಗದದಲ್ಲಿ ಬರೆದಿದ್ದಳು, ಉಪ್ಪುಮೀನಿನ ಬೆಲೆ ಏರಿದ್ದರ ಮಾತಿನ ನಡುವೆ. ಕಿನ್‌ಲಾಕ್ ಎದ್ದು ಮೊಣಕಾಲಿನ ಜಲ್ಲಿ ಪುಡಿ ಒರೆಸಿದ. ತಿರುವಿನ ಆ ತುದಿಯಲ್ಲಿ ಇವಾಕಿಚಿಯ ಗ್ಯಾಂಗು ಕಾಣುತ್ತಿತ್ತು. ಎಲ್ಲರೂ ನೀಲಿ ಬಣ್ಣದ ಹೊಸ ಮೇಲಂಗಿ ಹಾಕಿದ್ದರು, ಬೆನ್ನಿಗೆ ರೈಲಿನ ಗುರುತು. ಕೈಯಲ್ಲಿ ಪೊರಕೆ. ಅವರು ಹಳಿಯ ಮೇಲಿನ ಧೂಳು ಗುಡಿಸುತ್ತಿದ್ದರು.

ಅವನನ್ನು ನೋಡಿ ಇವಾಕಿಚಿ ಓಡಿ ಬಂದ. "ಬನ್ನಿ ಸಾಹೇಬ್ರೆ. ಇವತ್ತು ನನ್ನ ಮೊಮ್ಮಗಳೂ ರೈಲು ಹತ್ತುತಾಳೆ. ನಮ್ಮ ಹೆಂಗಸ್ರು ಮಕ್ಕಳು ಎಲ್ಲ ಸೇರಿ ನಲವತ್ತು ಜನಕ್ಕೆ ಮೂರನೇ ಕ್ಲಾಸಲ್ಲಿ ಜಾಗ ಕೊಟ್ಟವ್ರೆ. ಹತಾನೆ ಬಂದಾಗ ಸದ್ದು ನಿಲ್ತದೆ ನೋಡ್ಕಳಿ, ಅಲ್ಲಿಂದ ತಾತನ ಕೆಲ್ಸ ಅಂತ ಹೇಳಿ ಕಳ್ಸಿವ್ನಿ. ಕಣ್ಣು ಮುಚ್ಕೊಂಡಿದ್ರೂ ಗೊತ್ತಾಗ್ತದೆ."

 ಕಿನ್‌ಲಾಕ್ ನೊನಾಕಾನ ಕಡೆ ತಿರುಗಿ, ಅಲ್ಲೇ ನಿಂತು, ಟ್ರಾಲಿಯವನೊಬ್ಬನನ್ನು ಹತಾನೆ ನಿಲ್ದಾಣಕ್ಕೆ ಓಡಿಸಲು ತಂತಿ ಬರೆಸಿದ. "ತಿರುವಿನ ಹಳಿಯಲ್ಲಿ ದೋಷ. ರೈಲು ತಡೆಯಿರಿ. ದೋಷ ನನ್ನದು. ಕಿನ್‌ಲಾಕ್." ನೊನಾಕಾನ ಪೆನ್ಸಿಲು ಮೂರನೇ ವಾಕ್ಯದ ಹತ್ತಿರ ನಿಂತಿತು.

"ಅದು ತಂತಿಯಲ್ಲಿ ಬೇಡ ಸಾರ್. ಆಮೇಲೆ ಯೋಚಿಸಬಹುದು."

"ಆಮೇಲೆ ಯೋಚಿಸೋಣ ಅಂತಾನೇ ಫೆಬ್ರವರಿಯಿಂದ ಇದೀನಿ. ಬರೀರಿ."

ತಂತಿ ಹೋಯಿತು. ಇವಾಕಿಚಿ ಪೊರಕೆ ಹಿಡಿದು ನಿಂತೇ ಇದ್ದ, ಮುಖದಲ್ಲಿ ನಗು ಅರ್ಧ ಉಳಿದಿತ್ತು. ಕಿನ್‌ಲಾಕ್ ಅವನಿಗೆ ಹೇಳಿದ. ತನಗೆ ಗೊತ್ತಿದ್ದ ಒಂದೇ ಜಪಾನಿ ಭಾಷೆಯಲ್ಲಿ, ಜಲ್ಲಿ ಹೊರುವವರ ಭಾಷೆಯಲ್ಲಿ, ಹೇಳಿದ. ಕಬ್ಬಿಣ ಬಿಸಿಲಿಗೆ ಉದ್ದ ಆಗತ್ತೆ. ಆ ತುಣುಕು ಇಡೋದು ಅದಕ್ಕೇ. ಸಂದು ಇರಬೇಕು. ಹೇಳಿ ಮುಗಿಸಲು ಅರ್ಧ ನಿಮಿಷ ಸಾಕಾಯಿತು. ಇಷ್ಟನ್ನು ಅವನು ಕೆಲಸ ಶುರುವಾದ ದಿನವೇ ಹೇಳಬಹುದಿತ್ತು. ಹೀಗೆ ಇಡು, ಹೀಗೆ ತೆಗೆ ಎಂದಿದ್ದನೇ ಹೊರತು ಯಾಕೆ ಎಂದು ಹೇಳಿರಲಿಲ್ಲ. ಆಳುಗಳಿಗೆ ಯಾಕೆ ಎಂದು ಹೇಳುವ ರೂಢಿ ಆರ್ಬ್ರೋತ್‌ನಲ್ಲೂ ಇರಲಿಲ್ಲ.

ಇವಾಕಿಚಿ ಪೊರಕೆಯನ್ನು ನೆಲಕ್ಕೆ ಊರಿದ. "ನಂಗೆ ಇದು ಗೊತ್ತಿರಲಿಲ್ಲ," ಎಂದ. "ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅವತ್ತು? ಹಿಮದಲ್ಲಿ?"

"ಅವತ್ತೇ."

"ಹಂಗಾರೆ ಚೆನ್ನಾಗೈತೆ ಅಂದಿದ್ದು?"

"ಚೆನ್ನಾಗಿತ್ತು, ಮೇಸ್ತ್ರಿ. ಅದು ಸುಳ್ಳಲ್ಲ."

ಇವಾಕಿಚಿ ತಲೆ ಆಡಿಸಿದ, ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ. ಆಮೇಲೆ ಗ್ಯಾಂಗಿನ ಕಡೆ ತಿರುಗಿ ಕೂಗಿದ: "ಅಂಗಿ ಬಿಚ್ಚಿ. ಪೊರಕೆ ಬಿಸಾಕಿ. ಉಳಿ ಸುತ್ತಿಗೆ ತನ್ನಿ."

ತಿರುವಿನ ಅರ್ಧ ಮೈಲಿಯಲ್ಲಿ ಐದು ಕಡೆ, ಎರಡೂ ಸಾಲಿನಲ್ಲಿ, ಒಂದೊಂದು ಹಳಿ ತೆಗೆದು ನಾಲ್ಕು ಅಂಗುಲ ಕತ್ತರಿಸಿ ಮತ್ತೆ ಹಾಕುವುದೆಂದು ಆಯಿತು. ಉಳಿದ ಕಡೆ ರೈಲು ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಹೋಗಲಿ. ಮೊದಲ ಜೋಡಣೆಯ ಬೋಲ್ಟು ಸಡಿಲಿಸುವಾಗ ಕಿನ್‌ಲಾಕ್ ಎಲ್ಲರನ್ನೂ ದೂರ ನಿಲ್ಲಿಸಿದ. "ಏಯ್, ಆ ಕಡೆ ಸರಿ," ಎಂದು ಕೂಗಿದಾಗ ಬೆಳಗಿನ ಶಿಗೆಯ ಮಾತು ಯಾವುದೋ ಬೇರೆ ದಿನದ್ದೆಂಬಂತೆ ನೆನಪಿಗೆ ಬಂತು. ನಾಲ್ಕನೇ ಬೋಲ್ಟು ಸಡಿಲಾಯಿತು. ಬಂದೂಕು ಸಿಡಿದ ಹಾಗೆ ಸದ್ದಾಯಿತು. ಹಳಿ ತನ್ನಷ್ಟಕ್ಕೆ ತಾನೇ ಬದಿಗೆ ಒಂದು ಗೇಣು ಹಾರಿ ಜಲ್ಲಿಯನ್ನು ಎರಚಿ ಬಿತ್ತು. ಗದ್ದೆಯ ಕಪ್ಪೆಗಳು ಕೂಗುವುದನ್ನು ನಿಲ್ಲಿಸಿದವು. ಇವಾಕಿಚಿ ಅದನ್ನೇ ನೋಡುತ್ತಿದ್ದ. ಮರವೂ ಮಳೆಗಾಲದಲ್ಲಿ ಉಬ್ಬುತ್ತದೆಂದು ಅವನಿಗೆ ಗೊತ್ತು. ಬಿಗಿಯಾದ ಬಾಗಿಲು ಹೆರೆಯಲು ಅವನು ಎಷ್ಟು ಸಲ ಉಜ್ಜುಗೊರಡು ಹಿಡಿದಿದ್ದಾನೋ. ಕಬ್ಬಿಣಕ್ಕೂ ಅದೇ ಬುದ್ಧಿ ಇದೆಯೆಂದು ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನ ಬೆನ್ನು ನೋಡಿದರೇ ಅದು ತಿಳಿಯುತ್ತಿತ್ತು. ಕಿನ್‌ಲಾಕ್‌ಗೆ ಆ ಬೆನ್ನಿನಿಂದ ಕಣ್ಣು ಕೀಳಲಾಗಲಿಲ್ಲ.

ಸುತ್ತಿಗೆಯ ಏಟು ಮಧ್ಯಾಹ್ನವಿಡೀ ಬಿತ್ತು. ಕಿನ್‌ಲಾಕ್ ಕೋಟು ಕಳಚಿ, ತೂತು ಕೊರೆಯುವ ಸಲಕರಣೆ ತಾನೇ ಹಿಡಿದು, ಆಳುಗಳ ನಡುವೆ ಮಂಡಿಯೂರಿ ಕೂತ. ಅಂಗೈಯಲ್ಲಿ ಬೊಬ್ಬೆ ಬಂತು. ಯಾರೂ ಅವನಿಗೆ ನೆರಳಿಗೆ ಹೋಗಿ ಎನ್ನಲಿಲ್ಲ, ನೀರು ಬೇಕಾ ಎನ್ನಲಿಲ್ಲ; ತಾವು ಕುಡಿದ ಮೇಲೆ ನೀರಿನ ಸೌಟನ್ನು ಅವನ ಕಡೆ ದೂಡಿದರು. ಹತ್ತೊಂಬತ್ತು ವರ್ಷದಲ್ಲಿ ಅವರು ಅವನನ್ನು ತಮ್ಮಲ್ಲೊಬ್ಬನಂತೆ ಕಂಡದ್ದು ಇದೇ ಮೊದಲು, ಅದೂ ಅವನ ಮೇಲೆ ಸಿಟ್ಟು ಬಂದದ್ದರಿಂದ. ಎರಡು ಗಂಟೆಗೆ ತಂತಿಯ ಉತ್ತರ ಬಂತು: ಗವರ್ನರಿಗೆ ಬೇಸರವಾಗಿದೆ, ಎಷ್ಟು ಹೊತ್ತು? ನೊನಾಕಾ ಉತ್ತರ ಬರೆದ, ಕಿನ್‌ಲಾಕ್‌ನನ್ನು ಕೇಳದೆ. ಕೇಳದೆ ಬರೆದದ್ದನ್ನು ಇಬ್ಬರೂ ಗಮನಿಸಿದರು.

ಐದೂವರೆಗೆ ಕೊನೆಯ ಬೋಲ್ಟು ಬಿಗಿದಾಯಿತು. ಕಿನ್‌ಲಾಕ್ ಜೇಬಿನಿಂದ ತುಣುಕು ತೆಗೆದು ಕೊನೆಯ ಸಂದಿಗೆ ಹಿಡಿದ. ಅದು ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂತು. ಇವಾಕಿಚಿ ಬಂದು ಪಕ್ಕದಲ್ಲಿ ಕೂತು, ಅದೇ ಸಂದಿನ ಮೇಲೆ ಹೆಬ್ಬೆರಳು ಆಡಿಸಿದ. ಬೆರಳಿನ ಚರ್ಮ ಸಂದಿಗೆ ಸಿಕ್ಕಿ ನಿಂತಿತು.

"ಇದು ಚೆನ್ನಾಗೈತಾ ಸಾಹೇಬ್ರೆ?"

"ಚೆನ್ನಾಗಿಲ್ಲ. ಸರಿಯಾಗಿದೆ."

"ಇದೇ ಮಾತನ್ನ ಅವತ್ತು ತಿರುಗ್ಸಿ, ಚೆನ್ನಾಗೈತೆ ಆದ್ರೆ ಸರಿಯಿಲ್ಲ ಅಂತ, ಹೇಳ್ಬೇಕಿತ್ತು ನೀವು," ಎಂದ ಮುದುಕ. ಸಿಟ್ಟಿನ ದನಿಯಲ್ಲ, ಅಳತೆ ತಪ್ಪಿದ ಶಿಷ್ಯನಿಗೆ ಹೇಳುವ ಹಾಗೆ. "ಬೈದಿದ್ರೆ ಹನ್ನೆರಡು ದಿವ್ಸದ ಕೆಲ್ಸ ಹನ್ನೆರಡು ದಿವ್ಸದಲ್ಲಿ ಬಿಚ್ತಿದ್ದೆ. ಹೊಗಳ್ಬಿಟ್ರಿ. ಆರು ತಿಂಗಳು ಅದನ್ನ ಊರೆಲ್ಲ ಹೇಳ್ಕೊಂಡು ಓಡಾಡ್ದೆ." ಅವನು ಎದ್ದು, ಬೆಳಗ್ಗೆ ಬಿಚ್ಚಿಟ್ಟ ನೀಲಿ ಮೇಲಂಗಿಯನ್ನು ಕೊಡವಿ, ಬೆನ್ನಿನ ಗುರುತು ಮೇಲೆ ಬರುವ ಹಾಗೆ ನಾಲ್ಕಾಗಿ ಮಡಿಸಿ, ಸ್ಲೀಪರಿನ ತುದಿಯ ಮೇಲಿಟ್ಟ. ಅಂಗೈಯಿಂದ ಒಮ್ಮೆ ಒತ್ತಿ ಸುಕ್ಕು ತೆಗೆದ. ಗ್ಯಾಂಗಿನ ಅಂಗಿ ಹೀಗೆ ಮಡಿಸಿಟ್ಟ ಮೇಸ್ತ್ರಿ ತಿರುಗಿ ಬರುವುದಿಲ್ಲವೆಂದು ಲೈನಿನಲ್ಲಿ ಎಲ್ಲರಿಗೂ ಗೊತ್ತು. ಆಳುಗಳು ಯಾರೂ ತಡೆಯಲಿಲ್ಲ. "ಮೊಮ್ಮಗಳು ರೈಲಲ್ಲಿ ಬರ್ತಾಳೆ," ಎಂದ, ಯಾರಿಗೆಂದಿಲ್ಲದೆ. "ಅವ್ಳು ಇಳಿಯೋದ್ನ ನೋಡ್ಕೊಂಡು ಹೋಗ್ತೀನಿ."

ಆರೂಕಾಲಿಗೆ ಎಂಜಿನ್ ಕಾಣಿಸಿತು, ಮುಂದುಗಡೆ ಹೂವು, ಬಾವುಟ, ಎಲ್ಲ ಬಾಡಿದ್ದವು. ಮೂರು ಮೈಲಿಯನ್ನೂ ಅದು ನಡೆದೇ ಬಂತು. ನೊನಾಕಾ ಮುಂದೆ ಮುಂದೆ ಕೈಯಲ್ಲಿ ಹಸಿರು ಬಾವುಟ ಹಿಡಿದು ನಡೆಯುತ್ತಿದ್ದ. ಗವರ್ನರು ಕಿಟಕಿಯ ಆಚೆಗೆ ನೋಡುತ್ತಿದ್ದರು. ಮೂರನೇ ಕ್ಲಾಸಿನಿಂದ ಮಕ್ಕಳ ಕಿರಿಚಾಟ ಕೇಳುತ್ತಿತ್ತು, ಒಬ್ಬ ಹೆಂಗಸು ಇದಕ್ಕಿಂತ ದೋಣಿಯೇ ವಾಸಿ ಎಂದು ಜೋರಾಗಿ ಹೇಳಿದಳು, ಸುತ್ತಲಿದ್ದವರು ನಕ್ಕರು. ಚಕ್ರಗಳು ಕತ್ತರಿಸಿದ ಜೋಡಣೆಯ ಮೇಲೆ ಬಂದವು. ಟಕ್-ಟಕ್. ಆರೇಳು ವರ್ಷದ ಒಂದು ಹುಡುಗಿ ಕಿಟಕಿಯಿಂದ ತಲೆ ಹೊರಹಾಕಿ, "ತಾತಾ, ನಿಂತಿದ್ದ ಸದ್ದು ಮತ್ತೆ ಬಂತು," ಎಂದು ಕೂಗಿದಳು. ಇವಾಕಿಚಿ ಕೈ ಎತ್ತಿದ.

ವರದಿಯನ್ನು ನೊನಾಕಾ ಜಪಾನಿಯಲ್ಲಿ ಬರೆದ. ಕಿನ್‌ಲಾಕ್ ತನಗೆ ಓದಲು ಬರುವ ನಾಲ್ಕಾರು ಅಕ್ಷರಗಳ ಮೇಲೆ ಬೆರಳಿಟ್ಟು, 'ನಡೆದು ನೋಡಿರಲಿಲ್ಲ' ಎಂಬುದು ಎಲ್ಲಿದೆ ಎಂದು ಕೇಳಿ, ತೋರಿಸಿದ ಮೇಲೆ ಸಹಿ ಹಾಕಿದ. ಒಪ್ಪಂದದ ಕಾಗದ ಮುಂದಕ್ಕೆ ಹೋಗಲಿಲ್ಲ. ಆಗಸ್ಟ್ ಕೊನೆಯೊಳಗೆ ಮನೆ ಬಿಡಬೇಕೆಂದು ಬಹಳ ಮರ್ಯಾದೆಯ ಮಾತಿನಲ್ಲಿ ತಿಳಿಸಿದರು. ಇವಾಕಿಚಿಯನ್ನು ಯಾರೂ ತೆಗೆಯಲಿಲ್ಲ. ತೆಗೆಯುವ ಮೊದಲೇ ಅವನು ಹೋಗಿದ್ದ. ಕಿನ್‌ಲಾಕ್ ಎರಡು ಸಲ ಅವನ ಮನೆಗೆ ಹೋದ. ಎರಡು ಸಲವೂ ಸೊಸೆ ಬಾಗಿಲಿಗೆ ಬಂದು, ಮಾವ ಇಲ್ಲ ಎಂದಳು. ಒಳಗಿನಿಂದ ಉಜ್ಜುಗೊರಡಿನ ಸದ್ದು ಕೇಳುತ್ತಿತ್ತು.

ಗಂಟುಮೂಟೆ ಕಟ್ಟುವ ದಿನ ಅವನು ಶಿಗೆಯನ್ನು ಕೇಳಿದ, ಕೊನೆಗೂ.

"ಅಮ್ಮ ಇರೋವರೆಗೂ ಬರಕ್ಕಾಗಲ್ಲ," ಎಂದಳು ಅವಳು, ಬಟ್ಟಲುಗಳನ್ನು ಹುಲ್ಲಿನಲ್ಲಿ ಸುತ್ತುತ್ತ. "ಆಮೇಲೆ ನೋಡೋಣ. ತಿಂಗಳಿಗೊಂದು ಸಲ ಬರ್ತೀನಿ. ರೈಲು ಮಾಡಿದೀರಲ್ಲ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಅಷ್ಟು ದಿನ ನನ್ನ ಹತ್ರನೂ ಹೇಳಲಿಲ್ಲ ನೀವು. ಗಾಜಿನ ಕಡ್ಡಿ ಹತ್ರ ಹೇಳ್ಕೊಂಡ್ರಿ," ಎಂದಳು.

ಅವಳು ಹೇಳಿದ ಹಾಗೇ ತಿಂಗಳ ಮೊದಲ ಭಾನುವಾರ ಕೋಬೆಗೆ ಬರುತ್ತಾಳೆ. ಅವನು ನಿಲ್ದಾಣದಲ್ಲಿ ಕಾಯುತ್ತಾನೆ. ಈಗ ಅವನು ಒಂದು ಹಡಗಿನ ಗೋದಾಮಿನಲ್ಲಿ, ಹಿಂದಿನ ಸಂಬಳದ ಆರನೇ ಒಂದು ಪಾಲಿಗೆ, ಬಂದಿಳಿದ ಕಬ್ಬಿಣದ ತೂಕ ನೋಡುತ್ತಾನೆ. ಹತಾನೆ ಹೇಗಿತ್ತು ಎಂದು ಪ್ರತಿ ಸಲವೂ ಕೇಳುತ್ತಾನೆ. ಉಳಿದ ಸಂದುಗಳನ್ನೂ ನೊನಾಕಾ ಶರತ್ಕಾಲದಲ್ಲಿ ಬಿಡಿಸಿದನಂತೆ. "ಎಲ್ಲಾ ಕಡೆ ಹಾಗೇ ಟಕ್-ಟಕ್ ಅಂತಿತ್ತು. ನಿದ್ದೆ ಬಂತು," ಎನ್ನುತ್ತಾಳೆ ಶಿಗೆ. ಹತ್ತೊಂಬತ್ತು ವರ್ಷದ ಕೆಲಸ ಹೋಯಿತು, ಸರೋವರದ ದಂಡೆಯ ಮನೆ ಹೋಯಿತು, ಹೊಗಳಿಕೆಯನ್ನು ನಂಬಿದ್ದ ಒಬ್ಬ ಮೇಸ್ತ್ರಿ ಹೋದ. ಉಳಿದದ್ದು, ಆ ಮೂರು ಮೈಲಿಯಲ್ಲಿ ಅವಳಿಗೆ ನಿದ್ದೆ ಬರುತ್ತದೆ ಎಂಬುದು.